ಎರಡು ಕಾರ್ಡು, ಒಂದು ಬಾಣ

ಹೋದ ಸೋಮವಾರ ನನ್ನ ಕೈಯಿಂದ ಸ್ಟೀಲು ತಟ್ಟೆ ಜಾರಿ ಬಿತ್ತು. ತೊಟ್ಟಿಲಲ್ಲಿದ್ದ ಹನ್ನೊಂದು ದಿನದ ಮಗು ಬೆಚ್ಚಿ, ಎರಡೂ ಕೈ ಮೇಲೆತ್ತಿ, ಮುಖ ಕೆಂಪು ಮಾಡಿಕೊಂಡು ಅತ್ತಿತು. ನಾನು ತಟ್ಟೆ ಎತ್ತಿ ಇನ್ನೊಂದು ಸಲ ಬೀಳಿಸಿದೆ. ಮತ್ತೆ ಅತ್ತಿತು. ಮಂಡಿ ನೋವು ಮರೆತು ಅಡುಗೆಮನೆಯಲ್ಲೇ ಕುಣಿದುಬಿಟ್ಟೆ. ನನ್ನ ಮಗಳು ನಸೀಮಾ ಗಾಬರಿಯಿಂದ ಓಡಿ ಬಂದಳು. ಬಂದದ್ದು ಮಗುವಿನ ಮುಖ ನೋಡಿ, ತಟ್ಟೆಯ ಸದ್ದಿಗಲ್ಲ. ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ನಾನು ನನ್ನ ಕಿವಿ ಮುಟ್ಟಿ, ಮಗುವಿನ ಕಿವಿ ಮುಟ್ಟಿ, ತಟ್ಟೆ ತೋರಿಸಿದೆ. ಅವಳು ತಾನೇ ಆ ತಟ್ಟೆ ಎತ್ತಿಕೊಂಡು ನೆಲಕ್ಕೆ ಹಾಕಿ, ಮಗುವಿನ ಕಡೆ ತಿರುಗಿದಳು.

ನನ್ನ ಮೊಮ್ಮಗಳಿಗೆ ಕೇಳಿಸುತ್ತದೆ. ಇದನ್ನು ಹತ್ತು ಸಲ ಬರೆದರೂ ನನಗೆ ಸಾಲದು.

ಈ ಸುದ್ದಿಯನ್ನು ಮೊದಲು ಯಾರಿಗೆ ಹೇಳಬೇಕು ಅಂತ ನಾನು ಯೋಚಿಸಲೇ ಇಲ್ಲ. ಮಗಳ ಗಂಡನ ಮನೆ ಗುಬ್ಬಿಯಲ್ಲಿದೆ, ಅಲ್ಲಿಗೂ ಆಮೇಲೆ ಮಾಡಿದೆ. ಮೊದಲು ಫೋನು ಹೋದದ್ದು ಕುಣಿಗಲ್ಲಿಗೆ, ಕೇಬಲ್ಲಣ್ಣನಿಗೆ. ಅವರ ಹೆಂಡತಿ ಎತ್ತಿದರು. "ಅವ್ರು ಹೋಗ್ಬುಟ್ರು ಕಣಕ್ಕ, ಇವತ್ತಿಗೆ ಒಂಬತ್ತು ದಿನ. ನಿಮ್ ನಂಬರ್ ಹುಡುಕ್ತಾನೇ ಇದ್ದೆ" ಅಂದರು. ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ಫೋನು ಹಿಡಿದು ನಿಂತುಬಿಟ್ಟೆ.

ಅವರನ್ನು ಊರು ಕೇಬಲ್ಲಣ್ಣ ಅನ್ನುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದನ್ನು ನಾನು ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅವರಿಗೆ ಇನ್ನೊಂದು ಹೆಸರಿದೆ. ಅದು ಅಕ್ಷರದಲ್ಲಿ ಬರೆಯಲು ಬರುವಂಥದ್ದಲ್ಲ.

ತುಮಕೂರಿನಲ್ಲಿ ನಮ್ಮದು ಹಾಸಿಗೆ ಅಂಗಡಿ. ಯಜಮಾನರು ಹತ್ತಿ ಹಿಂಜುತ್ತಿದ್ದರು, ನಾನು ಗವಸು ಹೊಲಿದು, ಹತ್ತಿ ತುಂಬಿದ ಮೇಲೆ ದಬ್ಬಳದಲ್ಲಿ ಗಂಟು ಹಾಕುತ್ತಿದ್ದೆ. ಪಕ್ಕದ ಮಳಿಗೆಯೇ ಅವರ ಕೇಬಲ್ ಆಫೀಸು. ಐದಾರು ಬಡಾವಣೆಗಳ ಟಿವಿಗಳಿಗೆ ಅವರ ವೈರು ಹೋಗುತ್ತಿತ್ತು. ತೆಳ್ಳಗಿನ ಉದ್ದನೆಯ ಆಳು. ಎಡಗೈಗೆ ಬಳೆಯ ಹಾಗೆ ಕರಿ ಟೇಪಿನ ಸುರುಳಿ, ಜೇಬಿನಲ್ಲಿ ಪೆನ್ನಿರುವ ಕಡೆ ಟೆಸ್ಟರ್. ನಡೆಯುವಾಗ ಕಣ್ಣು ಯಾವಾಗಲೂ ಕಂಬದ ಮೇಲೆ, ಹಾಗಾಗಿ ಎಡವದ ದಿನವಿರಲಿಲ್ಲ. "ಸ್ವಲ್ಪ ನೆಲ ನೋಡ್ಕೊಂಡ್ ನಡೀರಣ್ಣ" ಅಂದರೆ, "ನೆಲದಾಗೇನಕ್ಕ ಐತೆ, ನನ್ ಅನ್ನ ಎಲ್ಲಾ ಮೇಲೇ ಐತೆ" ಅನ್ನುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಅವರಿಗೆ ಲೋಕದ ಹೆಂಗಸರೆಲ್ಲ ಅಕ್ಕಂದಿರೇ.

ಅವರ ಬಾಯಲ್ಲಿ ಸದಾ ಒಂದು ಮಾತಿತ್ತು: "ಸಿಗ್ನಲ್ ಇದ್ರೆ ಚಿತ್ರ ಬಂದೇ ಬರ್ತದೆ ಬುಡಿ." ನನ್ನ ನಾದಿನಿಗೆ ಗಂಡು ಸಿಗುತ್ತಿಲ್ಲ ಅಂದರೂ ಇದೇ, ಬೇಳೆ ಬೇಯುತ್ತಿಲ್ಲ ಅಂದರೂ ಇದೇ.

ಅವರು ತಮ್ಮದೇ ಒಂದು ಲೋಕಲ್ ಚಾನೆಲ್ ಇಟ್ಟುಕೊಂಡಿದ್ದರು. ಮಧ್ಯಾಹ್ನ ಒಂದು ಸಿನಿಮಾ ಹಾಕುವುದು, ನಡುವೆ ಅಂಗಡಿಗಳ ಜಾಹೀರಾತು, ಹುಟ್ಟುಹಬ್ಬ, ಮದುವೆ, ಸಾವಿನ ಸುದ್ದಿ. ಜಾಹೀರಾತು ಮಾಡುವುದಕ್ಕೆ ಒಂದು ಕಂಪ್ಯೂಟರು ತಂದರು. ತೊಂಬತ್ತರ ದಶಕದ ಕೊನೆ ಅದು, ನಮ್ಮ ಸಾಲಿನಲ್ಲಿ ಅದೇ ಮೊದಲ ಕಂಪ್ಯೂಟರು. ತೊಂದರೆ ಏನೆಂದರೆ, ಅವರ ಪರದೆಯಲ್ಲಿ ಏನು ಕಾಣುತ್ತದೋ ಅದೇ ಊರಿನ ಟಿವಿಗಳಲ್ಲೂ ಕಾಣುತ್ತಿತ್ತು. ಅವರು ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಒತ್ತುವುದನ್ನು ಸಾವಿರಾರು ಜನ ನೋಡುತ್ತಿದ್ದರು. ಎದುರಿನ ಟೀ ಅಂಗಡಿಯಲ್ಲಿ ಕೂತವರು ಒಂದೊಂದೇ ಅಕ್ಷರವನ್ನು ಶಾಲೆ ಮಕ್ಕಳ ಹಾಗೆ ಕೂಗಿ ಓದುತ್ತಿದ್ದರು. ಮೌಸಿನ ಬಿಳಿ ಬಾಣವಂತೂ ಎಲ್ಲರ ಮನೆಯ ಟಿವಿಯಲ್ಲೂ ನೊಣದ ಹಾಗೆ ಓಡಾಡುತ್ತಿತ್ತು.

ಒಂದು ಸಲ ಹಳೆಯ ಶ್ರದ್ಧಾಂಜಲಿಯ ಮೇಲೇ ಹೊಸ ಹುಟ್ಟುಹಬ್ಬದ ಜಾಹೀರಾತು ಮಾಡಲು ಹೋದರು. ಫೋಟೊ ಬದಲಾಯಿತು, ಹೆಸರು ಬದಲಾಯಿತು, ಕೆಳಗೆ ಉರಿಯುತ್ತಿದ್ದ ದೀಪ ಮಾತ್ರ ಹೋಗಲೊಲ್ಲದು. ಬಾಣ ದೀಪದ ಸುತ್ತ ತಿರುಗುತ್ತದೆ, ದೀಪ ಉರಿಯುತ್ತಲೇ ಇದೆ. ಹುಟ್ಟುಹಬ್ಬದ ಯಜಮಾನರು ಲುಂಗಿಯಲ್ಲೇ ಓಡಿ ಬಂದರು. "ಏನಯ್ಯಾ, ನಾನಿನ್ನೂ ಬದ್ಕಿದೀನಿ ಕಣಯ್ಯ! ನಮ್ಮತ್ತೆ ಊರಿಂದ ಅಳ್ತಾ ಫೋನ್ ಮಾಡವ್ರೆ!"

ಆವತ್ತು ಅವರಿಗೆ ಬಹಳ ಅವಮಾನವಾಯಿತು. ಯಾರನ್ನೋ ವಿಚಾರಿಸಿದಾಗ, ಕಂಪ್ಯೂಟರಿನೊಳಗೆ ಚಿತ್ರ ಕಳಿಸುವ ಕಾರ್ಡು ಇನ್ನೊಂದು ಹಾಕಿದರೆ ಎರಡು ಪರದೆ ಬೇರೆ ಬೇರೆ ನಡೆಯುತ್ತವೆ ಅಂತ ತಿಳಿಯಿತು. ಒಂದು ಅವರಿಗೆ, ಒಂದು ಊರಿಗೆ. ಬೆಂಗಳೂರಿಂದ ಒಂದು ಹಳೆಯ ಕಾರ್ಡು ತಂದರು. ಮೊದಲಿದ್ದದ್ದು ಒಂದು ಕಂಪನಿಯದು, ಇದು ಇನ್ನೊಂದರದು. ಹಾಕಿದರೆ ಒಂದು ಹತ್ತುತ್ತದೆ, ಇನ್ನೊಂದು ಕತ್ತಲೆ. ತಿಂಗಳುಗಟ್ಟಲೆ ಆ ಡಬ್ಬದ ಮುಚ್ಚಳ ಮುಚ್ಚಲೇ ಇಲ್ಲ. ನಾನು ನನಗೆ ಗೊತ್ತಿದ್ದದ್ದನ್ನು ಹೇಳಿದೆ: "ಬೂರುಗದ ಹತ್ತಿ, ಮಾಮೂಲಿ ಹತ್ತಿ ಒಂದೇ ಹಾಸಿಗೇಲಿ ತುಂಬುದ್ರೆ ಗಂಟು ಬೀಳ್ತದಣ್ಣ, ಸೇರಲ್ಲ." ಅವರು ತಲೆ ಎತ್ತದೆ, "ಒಂದೇ ಹಾಸಿಗೆ ಬ್ಯಾಡ ಅಕ್ಕ. ಒಂದೇ ಮನೇಲಿ ಎರಡು ಹಾಸಿಗೆ ಹಾಸಾನ" ಅಂದರು.

ಒಂದು ಬೆಳಗ್ಗೆ ನಮ್ಮ ಅಂಗಡಿಗೆ ಓಡಿ ಬಂದು, ಹತ್ತಿಯ ರಾಶಿಯ ಮೇಲೆ ಕೂತು ನಕ್ಕರು. "ಇವ್ರಿಬ್ರೂ ವಾರಗಿತ್ತಿಯರು ಕಣಕ್ಕ. ಜಗಳ ಯಾತುಕ್ಕೆ ಗೊತ್ತಾ? ಬೆಳಗ್ಗೆ ಯಾರು ಮೊದ್ಲು ಏಳ್ಬೇಕು ಅಂತ. ಹೊಸ್ಬಳು ಮೊದ್ಲೆದ್ರೆ ಹಳೇಬಳು ಮುನಿಸ್ಕೊಂಡು ಏಳದೇ ಇಲ್ಲ. ಹಳೇಬಳನ್ನ ಮೊದ್ಲು ಎಬ್ಬಿಸಿದ್ರೆ ಇಬ್ರೂ ಏಳ್ತಾರೆ!" ಯಾರು ಮೊದಲು ಏಳಬೇಕು ಎನ್ನುವುದನ್ನು ಕಂಪ್ಯೂಟರು ಶುರುವಾಗುವ ಹೊತ್ತಿಗೇ ಹೇಳಿಕೊಡಬೇಕಂತೆ. ಅಷ್ಟೇ ಆಗಿತ್ತು ರೋಗ.

ಆದರೆ ಬಾಣಕ್ಕೆ ಗಡಿ ಇರಲಿಲ್ಲ. ಅವರ ಪರದೆಯ ಬಲತುದಿ ದಾಟಿದರೆ ಅದು ಊರಿನ ಪರದೆಗೆ ನುಗ್ಗುತ್ತಿತ್ತು. ಅದಕ್ಕೆ ಅವರು ಮಾಡಿದ ಉಪಾಯ ನೋಡಿ: ಮೇಜಿನ ಮೇಲೆ ಮೌಸಿನ ಬಲಕ್ಕೆ ಒಂದು ಮರದ ಪಟ್ಟಿಯನ್ನು ಸ್ಕ್ರೂ ಹಾಕಿ ಬಿಗಿದರು. ಕೈ ಮರೆತು ಬಲಕ್ಕೆ ಹೋದರೆ ಮೌಸು ಟಕ್ ಅಂತ ಪಟ್ಟಿಗೆ ತಾಗಿ ನಿಲ್ಲುತ್ತಿತ್ತು. ಊರಿನ ಪರದೆಯಲ್ಲಿ ಆಮೇಲೆ ಬಾಣ ಕಾಣಲಿಲ್ಲ. ಟೀ ಅಂಗಡಿಯವರಿಗೆ ಬೇಜಾರಾಯಿತು.

ಬೇಜಾರಾದ ಇನ್ನೊಬ್ಬಳು ನನ್ನ ನಸೀಮಾ. ಅವಳಿಗಾಗ ಏಳು ವರ್ಷ. ಮಾತಿಲ್ಲದ ಮಗುವನ್ನು ಆಟಕ್ಕೆ ಯಾರೂ ಸೇರಿಸುತ್ತಿರಲಿಲ್ಲ. ಅವಳು ದಿನವೂ ಕೇಬಲ್ ಆಫೀಸಿನ ಟಿವಿಯ ಮುಂದೆ ಹೋಗಿ ನಿಲ್ಲುತ್ತಿದ್ದಳು. ಅವರು ಬಾಣವನ್ನು ಮೂರು ಸುತ್ತು ಸುತ್ತಿಸಿ ಗಕ್ಕನೆ ಒಂದು ಕಡೆ ನಿಲ್ಲಿಸುತ್ತಿದ್ದರು. ಇವಳು ಓಡಿ ಅದರ ಮೇಲೆ ಬೆರಳಿಡಬೇಕು. ಬೆರಳಿಟ್ಟಳೋ, ಬಾಣ ಒಂದಿಷ್ಟು ನಡುಗಿ ಇನ್ನೊಂದು ಮೂಲೆಗೆ ಹಾರುತ್ತಿತ್ತು. ನಗುವಿಗೆ ಸದ್ದಿಲ್ಲದಿದ್ದರೂ ಅವಳ ಹೊಟ್ಟೆ ಕುಣಿಯುತ್ತಿತ್ತು. ಪಟ್ಟಿ ಬಿಗಿದ ಮೇಲೆ ಈ ಆಟವನ್ನು ಅವರು ತಮ್ಮ ಚಿಕ್ಕ ಪರದೆಯಲ್ಲೇ ಆಡಿಸುತ್ತಿದ್ದರು. ತೋರುಬೆರಳನ್ನು ಓರೆ ಮಾಡಿ ಗಾಳಿಯಲ್ಲಿ ಮೂರು ಸುತ್ತು ಸುತ್ತಿಸಿ ನಿಲ್ಲಿಸುವುದು, ಇದೇ ನಸೀಮಾ ಅವರಿಗೆ ಇಟ್ಟ ಹೆಸರು.

ಈಗ ಆ ದಿನ ಬರೆಯಬೇಕು.

ನಮ್ಮೂರಿನದೇ ಸದಾಶಿವನಗರದ ಒಂದು ಮದುವೆ ಮನೆಗೆ ಎರಡು ಹಾಸಿಗೆ, ಎಂಟು ದಿಂಬು ಕೊಡಬೇಕಿತ್ತು. ಹೆಣ್ಣಿನ ಜೊತೆ ಕಳಿಸುವ ಹಾಸಿಗೆಗಳು. ಹನ್ನೊಂದು ಗಂಟೆಗೆ ಲಗೇಜ್ ಆಟೊದಲ್ಲಿ ತುಂಬಿಸಿ ಕಳಿಸಿದೆವು. ಹನ್ನೆರಡೂವರೆಗೆ ಊಟಕ್ಕೆ ನೋಡಿದರೆ ನಸೀಮಾ ಇಲ್ಲ. ಕೇಬಲ್ ಆಫೀಸಿನಲ್ಲಿಲ್ಲ, ಹತ್ತಿಯ ರಾಶಿಯ ಹಿಂದೆ ಇಲ್ಲ, ಹಿತ್ತಿಲಲ್ಲಿಲ್ಲ. ಬೀದಿಯಲ್ಲಿ ನಿಂತು ನಾನು ಕೂಗಿದೆ. ಕೂಗುತ್ತಾ ಕೂಗುತ್ತಾ ಬಾಯಿ ನಿಂತುಹೋಯಿತು. ಕಿವಿ ಕೇಳದ ಮಗುವನ್ನು ಏನಂತ ಕೂಗುವುದು? ಯಾರಾದರೂ ಹೆಸರು ಕೇಳಿದರೆ ಹೇಳಲು ಬಾರದು. ಹಿಂದೆ ಲಾರಿ ಹಾರನ್ ಹೊಡೆದರೆ ಅವಳು ಪಕ್ಕಕ್ಕೆ ಸರಿಯುವುದಿಲ್ಲ. ರೈಲು ಬಂದರೂ ಅಷ್ಟೇ.

ಯಜಮಾನರು ಸೈಕಲ್ ಹತ್ತಿ ಬಸ್ ಸ್ಟ್ಯಾಂಡಿಗೆ ಹೋದರು, ರೈಲ್ವೆ ಸ್ಟೇಷನ್ನಿಗೆ ಹೋದರು. ಪೊಲೀಸ್ ಸ್ಟೇಷನ್ನಿನಲ್ಲಿ ಬರೆದುಕೊಂಡು, ಹುಡುಕಲು ಒಬ್ಬರನ್ನು ಕಳಿಸಿದರು. ದಾರಿಯಲ್ಲಿ ಕಂಡಳೇನೋ ಅಂತ ಲಗೇಜ್ ಆಟೊದವನನ್ನು ಕೇಳೋಣ ಅಂದರೆ ಅವನು ಬೆಳ್ಳಾವಿಗೆ ಬಾಡಿಗೆ ಹೋಗಿದ್ದ. ಆಗ ಯಾರ ಜೇಬಿನಲ್ಲಿ ಫೋನಿತ್ತು?

ನಮ್ಮ ಹತ್ತಿರ ಅವಳದು ಒಂದೇ ಫೋಟೊ ಇತ್ತು, ಹಿಂದಿನ ಹಬ್ಬದಲ್ಲಿ ಸ್ಟುಡಿಯೊದಲ್ಲಿ ತೆಗೆಸಿದ್ದು. ಕೇಬಲ್ಲಣ್ಣ ಅದನ್ನು ಕಂಪ್ಯೂಟರಿಗೆ ಹಾಕಿ, ಕೆಳಗೆ ಬರೆದು, ಓಡುತ್ತಿದ್ದ ಸಿನಿಮಾ ನಿಲ್ಲಿಸಿ ಊರಿಗೆ ಬಿಟ್ಟರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆ ಸಾಲನ್ನು ಕೂಡಿಸಿ ಕೂಡಿಸಿ ಓದಿದೆ: ಈ ಮಗು ಕಾಣೆಯಾಗಿದೆ, ಮಾತು ಬರುವುದಿಲ್ಲ. "ಸಿಗ್ನಲ್ ಐತೆ ಅಕ್ಕ" ಅಂದರು ಅವರು. ಮುಂದಿನ ಅರ್ಧ ಮಾತು ಹೇಳಲಿಲ್ಲ.

ಫೋನು ಬಂತು. ನಾನು ಎದ್ದು ನಿಂತೆ.

"ಸಿನ್ಮಾ ಯಾಕ್ಲಾ ನಿಲ್ಸಿದ್ದೀಯಾ? ಫೈಟಿಂಗ್ ಟೈಮಲ್ಲಿ!"

"ಮಗು ಕಳ್ದೋಗದೆ ಸಾರ್, ಸ್ವಲ್ಪ ನೋಡಿ ಸಾರ್."

"ನೋಡಿದ್ವಲ್ಲಪ್ಪ, ಎರಡ್ ನಿಮಿಷ ಸಾಕು, ಸಿನ್ಮಾ ಹಾಕು."

ಮೂರನೆಯ ಫೋನಿಗೆ ಅವರ ಸಾರ್ ಮುಗಿಯಿತು. "ನಿನ್ ಮಗು ಹೋಗಿದ್ರೆ ಫೈಟಿಂಗ್ ನೋಡ್ತಿದ್ಯೇನ್ಲೇ? ಇಡ್ಲಾ ಫೋನು!"

ಎರಡು ಗಂಟೆಗೆ ಒಬ್ಬರು ಬಸ್ ಸ್ಟ್ಯಾಂಡಿನಲ್ಲಿ ಮಾತಾಡದ ಮಗು ಕೂತಿದೆ ಅಂದರು. ಯಜಮಾನರು ಸೈಕಲ್ ತುಳಿದು ಹೋಗಿ ಬಂದರು. ಅದು ಗಂಡು ಮಗು, ಅಳುತ್ತಿದ್ದುದರಿಂದ ಮಾತಾಡುತ್ತಿರಲಿಲ್ಲ, ಅದರ ಅಜ್ಜ ಆಗಲೇ ಬಂದು ಕರೆದುಕೊಂಡು ಹೋಗಿದ್ದರು. ನಾನು ಆ ಅಜ್ಜನ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಅಲ್ಲಾ ಕ್ಷಮಿಸಲಿ.

ಮೂರು ಗಂಟೆಗೆ ಇನ್ನೊಂದು ಫೋನು. ಕೇಬಲ್ಲಣ್ಣ "ಹೂಂ, ಹೂಂ" ಅಂದು, ನನ್ನ ಕಡೆ ಬೆನ್ನು ತಿರುಗಿಸಿ ಮಾತಾಡಿದರು. ಇಟ್ಟ ಮೇಲೆ ಯಜಮಾನರನ್ನು ಹೊರಗೆ ಕರೆದರು. ನನಗೆ ಕೇಳಿಸಿತು. ಕೆರೆ ಏರಿಯ ಹತ್ತಿರ ಒಂದು ಮಗುವಿನ ಚಪ್ಪಲಿ ಬಿದ್ದಿದೆಯಂತೆ. ನಮ್ಮ ಯಜಮಾನರು ಸೈಕಲ್ಲಿನ ಸ್ಟ್ಯಾಂಡ್ ತೆಗೆಯಲು ಮೂರು ಸಲ ಒದ್ದರು, ಕಾಲು ತಪ್ಪುತ್ತಿತ್ತು. ನಾನೂ ಬರುತ್ತೇನೆ ಅನ್ನಲಿಲ್ಲ. ಅನ್ನುವ ಧೈರ್ಯ ಇರಲಿಲ್ಲ. ಅಲ್ಲೇ ನೆಲದ ಮೇಲೆ, ಅವರ ವೈರಿನ ಸುರುಳಿಗಳ ನಡುವೆ ಕೂತೆ. ಬೆಳಗ್ಗೆ ಅವಳು ರೊಟ್ಟಿ ಬೇಡ ಅಂದಾಗ ಬೆನ್ನಿಗೆ ಒಂದು ಕೊಟ್ಟಿದ್ದೆ. ಆ ಏಟು ನನ್ನ ಅಂಗೈಯಲ್ಲೇ ಕೂತಿತ್ತು. ಕೈಯನ್ನು ಸೆರಗಿನಲ್ಲಿ ಸುತ್ತಿ ಬಿಗಿ ಹಿಡಿದುಕೊಂಡೆ.

"ಅಣ್ಣ, ಅವಳು ಹೋದ್ಳು" ಅಂದೆ.

"ಹಂಗನ್ಬ್ಯಾಡಿ."

"ಊರೆಲ್ಲಾ ನೋಡಾಯ್ತು. ಯಾರೂ ಕಂಡಿಲ್ಲ ಅಂತವ್ರೆ. ಹೋದ್ಳು."

ಅವರು ಎರಡು ಪರದೆಗಳನ್ನೂ ನೋಡುತ್ತಾ ಕೂತರು. ಒಂದರಲ್ಲಿ ಅವರ ಬಾಣ ಸುಮ್ಮನೆ ನಿಂತಿತ್ತು, ಇನ್ನೊಂದರಲ್ಲಿ ನನ್ನ ಮಗುವಿನ ಮುಖ. ಆಮೇಲೆ ಅಂದರು:

"ಅಕ್ಕ, ಆಗ್ಲಿಂದ ನಾವು ಊರಿಗೆ ಹೇಳ್ತಾ ಇದೀವಿ. ಮಗೂಗೆ ಹೇಳೇ ಇಲ್ಲ."

ನನಗೆ ಅರ್ಥವಾಗಲಿಲ್ಲ.

"ಅವಳು ಎಲ್ಲೇ ಇರ್ಲಿ, ಒಂದ್ ಟಿವಿ ಕಂಡ್ರೆ ಮುಂದೆ ಹೋಗಿ ನಿಲ್ತಾಳೆ. ಫೋಟೊ ನೋಡಿ ಏನ್ ಮಾಡ್ತಾಳೆ? ಅವಳನ್ನ ಕರೆಯಕ್ಕೆ ನನ್ತಾವ ಇರದು ಒಂದೇ."

ಜೇಬಿನ ಟೆಸ್ಟರ್ ತೆಗೆದು ಮರದ ಪಟ್ಟಿಯ ಸ್ಕ್ರೂ ತಿರುಗಿಸಿದರು. ಒಂದು ಬಂತು, ಇನ್ನೊಂದು ತುಕ್ಕು ಹಿಡಿದಿತ್ತು. ಕೈಯಲ್ಲೇ ಹಿಡಿದು ಎಳೆದರು, ಪಟ್ಟಿ ಮೇಜಿನ ಸಿಬಿರಿನ ಸಮೇತ ಕಿತ್ತು ಬಂತು. ಮೌಸನ್ನು ಬಲಕ್ಕೆ ನೂಕಿದರು. ಅಷ್ಟು ತಿಂಗಳು ಕಾವಲು ಕಾಯ್ದ ಗಡಿಯನ್ನು ಬಾಣ ದಾಟಿತು. ಅವರ ಪರದೆಯಿಂದ ಮಾಯವಾಗಿ, ಊರಿನ ಪರದೆಯಲ್ಲಿ, ನಸೀಮಾಳ ಕೆನ್ನೆಯ ಹತ್ತಿರ ಎದ್ದಿತು. ಮೂರು ಸುತ್ತು ಸುತ್ತಿ ಗಕ್ಕನೆ ನಿಂತಿತು. ನಡುಗಿತು. ಮೂಲೆಗೆ ಹಾರಿತು. ಮತ್ತೆ ಮೂರು ಸುತ್ತು.

ಎದುರಿನ ಟೀ ಅಂಗಡಿಯಿಂದ ಕೂಗು ಬಂತು: "ಬಂತು ಕಣ್ರೋ ಬಾಣ!" ಫೋನು ಹೊಡೆದುಕೊಳ್ಳತೊಡಗಿತು. "ನೀವೇ ಎತ್ತಿ ಅಕ್ಕ, ನಾನ್ ಕೈ ಬುಡಂಗಿಲ್ಲ" ಅಂದರು. ನಾನು ಅದುವರೆಗೆ ಫೋನು ಹಿಡಿದವಳಲ್ಲ. ಎತ್ತಿದೆ. "ಏನ್ಲಾ, ಕುಡ್ದಿದ್ದೀಯಾ? ಟಿವಿ ತುಂಬಾ ಬಾಣ!" ಅಂತ ಒಬ್ಬ. ಇಟ್ಟೆ. ಮತ್ತೆ ಎತ್ತಿದೆ. ನಗುವವರು, ಬೈಯುವವರು. ನಾನು "ನನ್ ಮಗು, ನನ್ ಮಗು" ಅನ್ನುತ್ತಿದ್ದೆ, ಅಷ್ಟೇ ಬರುತ್ತಿತ್ತು ಬಾಯಿಗೆ. ಅವರು ತಿರುಗಿ ನೋಡಲಿಲ್ಲ. ಮೂರು ಸುತ್ತು, ನಿಲ್ಲಿಸು. ಮೂರು ಸುತ್ತು, ನಿಲ್ಲಿಸು.

ಎಷ್ಟನೆಯ ಫೋನೋ ಗೊತ್ತಿಲ್ಲ. ಹಿಂದೆ ಹತ್ತಾರು ಹೆಂಗಸರ ಗಲಾಟೆ, ಢೋಲಕ್ಕಿನ ಸದ್ದು.

"ಹಲೋ, ಕೇಬಲ್ಲಾ? ಸದಾಶಿವನಗರದಿಂದ, ಮದ್ವೆ ಮನೆಯಿಂದ ಮಾತಾಡೋದು. ಇಲ್ಲೊಂದ್ ಮಗು ಟಿವಿ ಗಾಜಿನ ಮೇಲೆ ಬೆರಳಿಟ್ಕೊಂಡ್ ನಿಂತದೆ. ಬಾಣ ಹೋದ ಕಡೆಯೆಲ್ಲಾ ಓಡ್ತದೆ. ಎಳೆದ್ರೂ ಬರ್ತಾ ಇಲ್ಲ. ಈಗ್ ನೋಡಿದ್ರೆ ಫೋಟೊದಲ್ಲಿರೋದೂ ಅದೇ ಮಗು! ನಾವು ಗಂಡಿನ ಕಡೆಯೋರ ಮಗು ಅನ್ಕೊಂಡಿದ್ವಿ. ಗಂಡಿನ ಕಡೆಯೋರು ನಮ್ದು ಅನ್ಕೊಂಡವ್ರೆ!"

ರಿಸೀವರ್ ನನ್ನ ಕೈಯಿಂದ ಬಿತ್ತು. ದಾರದಲ್ಲಿ ನೇತಾಡುತ್ತಿದ್ದ ಅದನ್ನು ಎತ್ತಿ "ನಾನು ಅದರ ತಾಯಿ" ಅಂದೆ. ಆಮೇಲೆ ಕೇಬಲ್ಲಣ್ಣನಿಗೆ ಹೇಳಿದೆ. ಅವರು ಅಳಲೂ ಇಲ್ಲ, ನಗಲೂ ಇಲ್ಲ. "ನೀವ್ ಹೋಗಿ ಕರ್ಕೊಂಡ್ ಬನ್ನಿ. ನಾನ್ ಬಾಣ ನಿಲ್ಸಲ್ಲ. ನಿಲ್ಸಿದ್ರೆ ಅವಳು ಇನ್ನೆಲ್ಲಿಗೋ ಹೋಯ್ತಾಳೆ" ಅಂದರು.

ಆಟೊದಲ್ಲಿ ಕೂತಾಗ ನನಗೆ ಹೊಳೆಯಿತು. ಆ ದಿಂಬುಗಳ ಮೇಲೆ, ಧೂಳು ಬೀಳದಿರಲಿ ಅಂತ ಚಾದರ ಹೊದಿಸಿ ಹಗ್ಗ ಕಟ್ಟಿಸಿದ್ದು ನಾನೇ. ಹೊಸ ಹತ್ತಿಯ ಮೆತ್ತೆ ಕಂಡರೆ ಅದರೊಳಗೆ ಹುದುಗಿ ಮಲಗುವುದು ಅವಳ ಅಭ್ಯಾಸ. ಎಂಜಿನ್ನಿನ ಸದ್ದು ಅವಳನ್ನು ಎಬ್ಬಿಸಿರಲಿಲ್ಲ. ನನ್ನ ಮಗಳನ್ನು ನಾನೇ ಹೊದಿಸಿ ಕಳಿಸಿದ್ದೆ. ಅಲ್ಲಿ ಇಳಿಸುವ ಗಡಿಬಿಡಿಯಲ್ಲಿ ಎದ್ದು, ಇಪ್ಪತ್ತು ಮಕ್ಕಳ ನಡುವೆ ಇಪ್ಪತ್ತೊಂದನೆಯವಳಾಗಿದ್ದಳು. ಮದುವೆ ಮನೆಯಲ್ಲಿ ಯಾವ ಮಗು ಯಾರದು ಅಂತ ಯಾರು ಕೇಳುತ್ತಾರೆ? ಊಟ ಹಾಕಿದ್ದರು, ಅಂಗೈಗೆ ಮೆಹಂದಿಯನ್ನೂ ಹಾಕಿದ್ದರು. ಅವಳು ಕಳೆದುಹೋಗಿದ್ದಾಳೆ ಅನ್ನುವುದೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ.

ನಾನು ಒಳಗೆ ಹೋದಾಗ ಮಕ್ಕಳೆಲ್ಲ ನೆಲದ ಮೇಲೆ ಕೂತಿದ್ದರು. ನಸೀಮಾ ಒಬ್ಬಳೇ ನಿಂತಿದ್ದಳು. ಗಾಜಿನ ತುಂಬ ಅವಳ ಮೆಹಂದಿಯ ಕಲೆ. ಪರದೆಯಲ್ಲಿ ಬಾಣ ಇನ್ನೂ ಸುತ್ತುತ್ತಿತ್ತು, ಅಷ್ಟು ದೂರದಲ್ಲಿ ಕೂತ ಒಬ್ಬ ಮನುಷ್ಯನ ಕೈ ಅದು. ಬಾಣ ನಿಂತಿತು. ಅವಳು ಬೆರಳಿಟ್ಟಳು. ಆಗ ಹಿಂದಿನಿಂದ ಹೋಗಿ ಎತ್ತಿಕೊಂಡೆ. ಹೆದರಿದಳು, ಆಮೇಲೆ ನನ್ನನ್ನು ಕಂಡು, ಮೆಹಂದಿಯ ಕೈಯಲ್ಲಿ ನನ್ನ ಮುಖವೆಲ್ಲ ಒರೆಸಿದಳು.

ವಾಪಸು ಬಂದಾಗ ಯಜಮಾನರು ಬಾಗಿಲಲ್ಲಿ ನಿಂತು ಗೋಡೆಗೆ ಹಣೆ ಒತ್ತಿಕೊಂಡಿದ್ದರು. ಚಪ್ಪಲಿ ಯಾರದೋ. ಒಳಗೆ ಕೇಬಲ್ಲಣ್ಣ ಇನ್ನೂ ಮೌಸು ತಿರುಗಿಸುತ್ತಲೇ ಇದ್ದರು. ಮಗುವನ್ನು ಅವರ ಮುಂದೆ ನಿಲ್ಲಿಸಿದ ಮೇಲೆ ಕೈ ನಿಲ್ಲಿಸಿದರು. ಬೆರಳುಗಳು ಮೌಸಿನ ಮೇಲೆ ಮಡಚಿಕೊಂಡು ಬಿಡಿಸಲಾಗದೆ ಹೋಗಿದ್ದವು. ನಾನೂ ಯಜಮಾನರೂ ಒಂದೊಂದಾಗಿ ಬಿಡಿಸಿದೆವು. ಅಷ್ಟು ಹೊತ್ತು ತಡೆದುಕೊಂಡಿದ್ದವರು ಆಗ ಅತ್ತರು.

ಆ ಪಟ್ಟಿಯನ್ನು ಅವರು ಮತ್ತೆ ಬಿಗಿಯಲಿಲ್ಲ. ಬಾಣ ಆಗಾಗ ಊರಿನ ಟಿವಿಗೆ ನುಗ್ಗುತ್ತಿತ್ತು. ಟೀ ಅಂಗಡಿಯವರು ನೋಡಿ ಸುಮ್ಮನಾಗುತ್ತಿದ್ದರು. ಕೆಲವು ವರ್ಷದ ಮೇಲೆ ಮನೆಮನೆಗೆ ಡಿಶ್ ಬಂತು, ಅವರ ಚಾನೆಲ್ ನಿಂತಿತು. ಅವರು ತಮ್ಮ ಊರಾದ ಕುಣಿಗಲ್ಲಿಗೆ ಹೋಗಿ ಟಿವಿ ರಿಪೇರಿ ಮಾಡಿಕೊಂಡಿದ್ದರು. ಗುಬ್ಬಿಯಲ್ಲಿ ನಸೀಮಾಳ ಮದುವೆಗೆ ಬಂದಾಗ ಶಾಮಿಯಾನದ ವೈರು ನೋಡುತ್ತಾ ನಡೆದು ಎಡವಿ ಬಿದ್ದರು. ಎತ್ತಿದವಳು ಮದುಮಗಳೇ.

ಅವರು ಇಲ್ಲ ಅನ್ನುವುದನ್ನು ಬಾಣಂತಿಗೆ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಇವತ್ತು ಬೆಳಗ್ಗೆ ಅವಳ ಮುಂದೆ ಕೂತೆ. ತೋರುಬೆರಳು ಓರೆ ಮಾಡಿ ಮೂರು ಸುತ್ತು ಸುತ್ತಿಸಿದೆ. ಅವಳ ಮುಖ ಅರಳಿತು. ಆಮೇಲೆ ಆ ಬೆರಳನ್ನು ಮೆಲ್ಲಗೆ ಮಡಚಿ, ಕೈಯನ್ನು ನೆಲದ ಮೇಲೆ ಅಂಗಾತ ಇಟ್ಟೆ. ಅವಳು ಬಹಳ ಹೊತ್ತು ಆ ಕೈಯನ್ನು ನೋಡಿದಳು. ಕಣ್ಣೀರು ಮಗುವಿನ ಹೊದಿಕೆಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಆಮೇಲೆ ಮಗುವಿನ ಮುಚ್ಚಿದ ಮುಷ್ಟಿಯನ್ನು ತೆಗೆದುಕೊಂಡಳು. ಒಂದೊಂದೇ ಬೆರಳು ಬಿಡಿಸಿ, ತೋರುಬೆರಳೊಂದನ್ನು ಉಳಿಸಿ ಉಳಿದದ್ದನ್ನು ಮಡಚಿದಳು. ಆ ಪುಟ್ಟ ಬೆರಳನ್ನು ಓರೆ ಮಾಡಿ, ಗಾಳಿಯಲ್ಲಿ ಮೂರು ಸುತ್ತು ಸುತ್ತಿಸಿ, ಗಕ್ಕನೆ ನಿಲ್ಲಿಸಿದಳು.

ಕಿವಿ ಕೇಳುವ ನನ್ನ ಮೊಮ್ಮಗಳು ಹೇಳಿದ ಮೊದಲ ಹೆಸರು ಅದು.